ಮೂರನೆಯ ಔಷಧಿ

ಅದು 2023. ದೆಹಲಿಯ ಸರ್ಕಾರಿ ಆಸ್ಪತ್ರೆಯೊಂದರ ಮಕ್ಕಳ ಮನೋವೈದ್ಯಕೀಯ ವಿಭಾಗದಿಂದ ನಿವೃತ್ತಳಾದ ಮೇಲೆ ಹೌಜ್ ಖಾಸ್‌ನ ಸಣ್ಣ ಕ್ಲಿನಿಕ್ಕೊಂದರಲ್ಲಿ ವಾರಕ್ಕೆ ಮೂರು ದಿನ ಕೂರುತ್ತಿದ್ದೆ. ಘಾಜಿಯಾಬಾದಿನ ಮನೆಯಿಂದ ಮೆಟ್ರೊದಲ್ಲಿ ಬರುವುದು, ಮಕ್ಕಳನ್ನು ನೋಡುವುದು, ಮಧ್ಯಾಹ್ನದ ಹೊತ್ತಿಗೆ ಹೊರಡುವುದು. ನಿವೃತ್ತಿಯಾದರೆ ಸಿಟ್ಟು ಇಳಿಯುತ್ತದೆ ಎಂದು ಸಹೋದ್ಯೋಗಿಗಳು ಭರವಸೆ ಕೊಟ್ಟಿದ್ದರು. ಇಳಿಯಲಿಲ್ಲ. ಈ ಪ್ರಕರಣವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆದ್ದರಿಂದ ತಣ್ಣಗೆ ಬರೆಯುವ ನಾಟಕ ಮಾಡುವುದಿಲ್ಲ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಆಗಸ್ಟಿನ ಒಂದು ಬೆಳಿಗ್ಗೆ ಮೊಬೈಲಿಗೆ ಕನ್ನಡದಲ್ಲಿ ಒಂದು ಸಂದೇಶ ಬಂತು. ಗುರುಗ್ರಾಮದಲ್ಲಿರುವ ರೇಖಾ ಎಂಬ ತಾಯಿ, ಪರಿಚಯದವರಿಂದ ನನ್ನ ನಂಬರ್ ಪಡೆದಿದ್ದಳು. ಮಗ ನಿಹಾಲನಿಗೆ ಹನ್ನೊಂದು ವರ್ಷ, ಆಟಿಸಂ ಇದೆ. ರಿಸ್ಪೆರಿಡೋನ್ ಕೊಡುತ್ತಿದ್ದಾರೆ, ಸಾಲುತ್ತಿಲ್ಲ. ಅಲ್ಲಿಯ ಡಾಕ್ಟರು ಅದರ ಜೊತೆ ಒಲಾಂಜಪೈನ್ ಸೇರಿಸೋಣ ಎನ್ನುತ್ತಿದ್ದಾರೆ. ಎರಡನ್ನೂ ಒಟ್ಟಿಗೆ ಕೊಡಬಹುದೇ? ಕೊನೆಯ ಸಾಲು ಹೀಗಿತ್ತು: ‘ಯೆಸ್ ಅಥವಾ ನೋ ಹೇಳಿದ್ರೆ ಸಾಕು ಮೇಡಂ.’

ದೋಸೆಗೆ ಚಟ್ನಿಯೋ ಸಾಂಬಾರೋ ಎಂದು ಕೇಳುವ ಹಾಗೆ ಕೇಳಿದ್ದಳು. ಈ ಎರಡೂ ಆ್ಯಂಟಿಸೈಕಾಟಿಕ್ ಗುಂಪಿನ ಔಷಧಿಗಳು, ಅಂದರೆ ತೀವ್ರ ಮಾನಸಿಕ ಕಾಯಿಲೆಗಳಿಗೆಂದು ಬಂದವು. ಆಟಿಸಂ ಇರುವ ಮಗು ತನ್ನನ್ನೇ ಗಾಯಮಾಡಿಕೊಳ್ಳುವಷ್ಟು ಕೆರಳುತ್ತಿದ್ದರೆ ರಿಸ್ಪೆರಿಡೋನನ್ನು ಎಚ್ಚರಿಕೆಯಿಂದ ಕೊಡುವುದುಂಟು, ಅದು ತಪ್ಪಲ್ಲ. ಆದರೆ ಒಂದೇ ಗುಂಪಿನ ಎರಡನ್ನು ಮಗುವಿಗೆ ಒಟ್ಟಿಗೆ ಕೊಡುವುದು ತೀರ ಅಪರೂಪಕ್ಕೆ, ಅದೂ ಬೇರೆ ದಾರಿಯೇ ಇಲ್ಲದಾಗ. ಮಗುವಿನ ಮುಖ ನೋಡದೆ ಯೆಸ್ ಎನ್ನುವವಳೂ ನಾನಲ್ಲ, ನೋ ಎನ್ನುವವಳೂ ಅಲ್ಲ. ‘ಮಗುವನ್ನು ಕರೆದುಕೊಂಡು ಬನ್ನಿ, ಅಲ್ಲಿಯವರೆಗೆ ಏನನ್ನೂ ಸೇರಿಸಬೇಡಿ, ಏನನ್ನೂ ನಿಲ್ಲಿಸಲೂಬೇಡಿ’ ಎಂದು ಉತ್ತರಿಸಿದೆ.

ಎರಡು ದಿನ ಬಿಟ್ಟು ಮೂವರೂ ಬಂದರು. ತಂದೆ ಮಹೇಶ್ ದಾವಣಗೆರೆಯವನು, ಗುರುಗ್ರಾಮದ ಕಂಪನಿಯೊಂದರಲ್ಲಿ ಮ್ಯಾನೇಜರ್. ಹೆಗಲಿಂದ ಲ್ಯಾಪ್‌ಟಾಪ್ ಬ್ಯಾಗನ್ನು ಇಳಿಸದೆಯೇ ಕುರ್ಚಿಯ ತುದಿಯಲ್ಲಿ ಕೂತ. ರೇಖಾ ಕೂರಲಿಲ್ಲ, ಏಕೆಂದರೆ ನಿಹಾಲ್ ಕೂರಲಿಲ್ಲ. ಹುಡುಗ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದ. ನಿಂತಾಗಲೂ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇದ್ದ.

ರೇಖಾ ಹೇಳಿದ್ದನ್ನು ಸಂಗ್ರಹಿಸಿದರೆ ಇಷ್ಟು. ಎರಡು ವರ್ಷದ ಹಿಂದೆ ನಿಹಾಲ್ ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಂಡು ರಕ್ತ ಬರಿಸುತ್ತಿದ್ದ. ರಿಸ್ಪೆರಿಡೋನ್ ಶುರುವಾದ ಮೇಲೆ ಅದು ಬಹಳ ಮಟ್ಟಿಗೆ ನಿಂತಿತು. ಆದರೆ ಈ ಜೂನ್ ತಿಂಗಳಿಂದ ಹೊಸ ಕಾಟ, ಸದಾ ನಡಿಗೆ. ಅವರ ಫ್ಲ್ಯಾಟ್ ಹದಿನಾಲ್ಕನೆಯ ಮಹಡಿಯಲ್ಲಿದೆ. ಸಂಜೆಯಿಡೀ ತಲೆಯ ಮೇಲೆ ದಡಬಡ ಎಂದು ಕೆಳಗಿನ ಮನೆಯವರು ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೂರು ಹಾಕಿದ್ದರು. ಮೇಲಿನವರು ಮನೆಯಲ್ಲೇ ಜಿಮ್ ಇಟ್ಟಿದ್ದಾರಾ ಎಂದು ಯಾರೋ ತಮಾಷೆ ಮಾಡಿದ್ದರು. ತರಗತಿಯಲ್ಲಿ ಕೂರುವ ಹಾಗಾದ ಮೇಲೆ ಕಳಿಸಿ ಎಂದು ಶಾಲೆಯವರು ಮನೆಗೆ ಕಳಿಸಿಬಿಟ್ಟಿದ್ದರು. ಗುರುಗ್ರಾಮದ ಡಾಕ್ಟರು ಕಾಯಿಲೆ ಜಾಸ್ತಿಯಾಗಿದೆ ಎಂದು ರಿಸ್ಪೆರಿಡೋನಿನ ಪ್ರಮಾಣ ಏರಿಸಿದರು. ನಡಿಗೆಯೂ ಏರಿತು. ಈಚೆಗೆ ಹುಡುಗ ಒಬ್ಬನೇ ಗೊಣಗತೊಡಗಿದ್ದ. ಹಾಗೆ ಗೊಣಗುವುದನ್ನು ಕೇಳಿ, ಭ್ರಮೆಯಿರಬಹುದೆಂದು ಡಾಕ್ಟರು ಒಲಾಂಜಪೈನ್ ಮಾತೆತ್ತಿದ್ದು.

ಮಾತಿನ ನಡುವೆ ಅವಳು ಇನ್ನೊಂದನ್ನು ಹೇಳಿದಳು. ‘ಮೊದ್ಲು ಮೆಟ್ರೊ ಅಂದ್ರೆ ಪ್ರಾಣ ಮೇಡಂ. ಸೀಟ್ ಸಿಕ್ಕಿದ್ರೆ ಕೊನೇ ಸ್ಟೇಷನ್ ತನಕ ಅಲ್ಲಾಡ್ತಿರ್ಲಿಲ್ಲ. ಈಗ ಅದೂ ಬೇಡವಾಗಿದೆ. ಕೂರೋದು, ಏಳೋದು, ಮತ್ತೆ ಕೂರೋದು, ಏಳೋದು.’

ಬೇಡವಾದವನು ಮತ್ತೆ ಮತ್ತೆ ಏಕೆ ಕೂರುತ್ತಾನೆ? ನಾನು ಎದ್ದು ಹೋಗಿ ಹುಡುಗನ ಜೊತೆ ಬಾಗಿಲಿಂದ ಕಿಟಕಿಗೆ ನಡೆದೆ. ಎರಡು ಸುತ್ತು ಹಾಕುವಷ್ಟರಲ್ಲಿ ಅವನ ಗೊಣಗಾಟ ಕೇಳಿಸಿತು. ನಡೆಯುತ್ತಲೇ ಬಗ್ಗಿ, ಎರಡೂ ಕೈಯಿಂದ ತೊಡೆಗಳನ್ನು ಒತ್ತಿ ಹಿಡಿದು, ಸಾಕುಮಾಡು ಎಂದು ಕನ್ನಡ ಹಿಂದಿ ಬೆರೆಸಿ ಅವುಗಳಿಗೆ ಹೇಳುತ್ತಿದ್ದ: ‘ಕೂತ್ಕೋ. ಕೂತ್ಕೋ. ಬಸ್ ಕರೋ, ಕೂತ್ಕೋ.’

ದಿನವಿಡೀ ಮನೆಯವರು ತನಗೆ ಹೇಳಿದ್ದನ್ನು ಆ ಮಗು ತನ್ನ ಕಾಲುಗಳಿಗೆ ಹೇಳುತ್ತಿತ್ತು. ಅವನಿಗೆ ಕೂರಬೇಕಿತ್ತು. ಕಾಲು ಬಿಡುತ್ತಿರಲಿಲ್ಲ. ಇದನ್ನು ವೈದ್ಯಕೀಯದಲ್ಲಿ ಅಕಥೀಸಿಯಾ ಎನ್ನುತ್ತಾರೆ. ಆ್ಯಂಟಿಸೈಕಾಟಿಕ್ ಔಷಧಿಗಳ ಅಡ್ಡಪರಿಣಾಮ ಅದು. ಮೈಯೊಳಗೆ ಎಂಥದೋ ಚಡಪಡಿಕೆ, ಕೂತರೆ ಆಗದು, ನಿಂತರೂ ಆಗದು. ಇರುವೆ ಹರಿದ ಹಾಗೆ ಎಂದು ಮಾತು ಬರುವ ರೋಗಿಗಳು ಹೇಳುತ್ತಾರೆ. ಮಾತು ಕಡಿಮೆ ಇರುವ ಮಗು ಏನು ಹೇಳಬೇಕು? ನಡೆಯುತ್ತದೆ. ನಡೆದರೆ ಕಾಯಿಲೆ ಹೆಚ್ಚಾಯಿತೆಂದು ನಾವು ಅದೇ ಔಷಧಿಯನ್ನು ಏರಿಸುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಬರೆ ಹಾಕಿದ್ದರಿಂದಲೇ ಜ್ವರ ಬಂದಿತ್ತು, ಮತ್ತೆ ಬರೆಯನ್ನೇ ಕಾಯಿಸುತ್ತಿದ್ದರು.

ಆದರೂ ನನಗೆ ಲೆಕ್ಕ ಸರಿಹೋಗಲಿಲ್ಲ. ಪ್ರಮಾಣ ಏರಿಸುವ ಮೊದಲೇ ನಡಿಗೆ ಶುರುವಾಗಿತ್ತಲ್ಲ? ಎರಡು ವರ್ಷ ಒಗ್ಗಿದ್ದ ಔಷಧಿ ಜೂನ್‌ನಲ್ಲಿ ಇದ್ದಕ್ಕಿದ್ದಂತೆ ಏಕೆ ತಿರುಗಿಬಿತ್ತು? ಹುಡುಗನ ಮೊಳಕೈ ಮಡಿಸಿ ಬಿಡಿಸಿ ನೋಡಿದೆ. ತಡೆದು ತಡೆದು ಬಿಚ್ಚಿಕೊಳ್ಳುತ್ತಿತ್ತು. ತುಟಿಯಂಚಿನಲ್ಲಿ ಜೊಲ್ಲಿತ್ತು. ಈ ಗುಂಪಿನ ಔಷಧಿ ಮೈಯಲ್ಲಿ ಹೆಚ್ಚಾದಾಗ ಕಾಣುವ ಗುರುತುಗಳಿವು. ಬೇರೆ ಯಾವ ಔಷಧಿ ಕೊಡುತ್ತಿದ್ದೀರಿ ಎಂದೆ. ಯಾವುದೂ ಇಲ್ಲ ಎಂದರು ಇಬ್ಬರೂ. ಕೆಮ್ಮಿಗೆ, ಹೊಟ್ಟೆಗೆ, ನಿದ್ದೆಗೆ? ಇಲ್ಲ. ಆಯುರ್ವೇದ? ಇಲ್ಲ. ಕೊನೆಗೆ ಔಷಧಿಯ ಮಾತು ಬಿಟ್ಟು, ಬೆಳಿಗ್ಗೆ ಏನು ತಿಂದ ಎಂದು ಕೇಳಿದೆ. ಚಪಾತಿ, ಆಮೇಲೆ ಹಾಲು ಎಂದಳು ರೇಖಾ. ಹಾಲಿಗೆ ಏನು ಹಾಕುತ್ತೀರಿ ಎಂದೆ.

ಅವಳು ಗಂಡನ ಕಡೆ ನೋಡಿದಳು. ಮಹೇಶ್ ಹೇಳಿದ: ‘ಅದು ಔಷಧಿ ಅಲ್ಲ ಮೇಡಂ. ದೊಡ್ಡಪ್ಪ ಊರಿಂದ ಕಳಿಸೋ ಡ್ರಾಪ್ಸು.’

ಮೂವತ್ತೈದು ವರ್ಷದ ವೃತ್ತಿಯಲ್ಲಿ ಅನೇಕ ಮಾತು ಕೇಳಿದ್ದೇನೆ, ಇಂಥದನ್ನು ಕೇಳಿರಲಿಲ್ಲ. ಮಹೇಶನ ದೊಡ್ಡಪ್ಪ ದಾವಣಗೆರೆಯಲ್ಲಿ ಹಳೆಯ ಕಾಲದ ಡಾಕ್ಟರು, ಮನೆತನಕ್ಕೆಲ್ಲ ಅವರೇ ಕೈಗುಣದ ವೈದ್ಯರು. ಪ್ರತಿ ಬೇಸಿಗೆ ರಜೆಗೆ ಊರಿಗೆ ಹೋದಾಗ ಮಗುವನ್ನು ಅವರ ಮುಂದೆ ನಿಲ್ಲಿಸಿ ‘ನೋಡಿ ದೊಡ್ಡಪ್ಪ’ ಎನ್ನುವುದು ಪದ್ಧತಿ. ಆ ವರ್ಷ ಮೇ ತಿಂಗಳಲ್ಲಿ ನೆಂಟರ ಗೃಹಪ್ರವೇಶವಿತ್ತು. ಮೈಕಿನ ಗದ್ದಲ, ನೂರಾರು ಜನ. ನಿಹಾಲ್ ಹೆದರಿ, ಹಿಡಿದುಕೊಳ್ಳಲು ಬಂದ ಮಾವನ ಕೈ ಕಚ್ಚಿದ. ದೊಡ್ಡಪ್ಪ ಹ್ಯಾಲೊಪೆರಿಡಾಲ್ ದ್ರವವನ್ನು ಹಾಲಿಗೆ ಬೆರೆಸಿ ಕೊಡಿಸಿದರು. ಇದೂ ಆ್ಯಂಟಿಸೈಕಾಟಿಕ್ಕೇ, ಹಳೆಯ ಕಾಲದ್ದು, ಅಕಥೀಸಿಯಾ ತರುವುದರಲ್ಲಿ ಕುಖ್ಯಾತ. ಹುಡುಗ ಸುಮ್ಮನಾದ. ಮನೆಯವರೆಲ್ಲ ದೊಡ್ಡಪ್ಪನ ಕೈಗುಣವನ್ನು ಹೊಗಳಿದರು. ಮುಂದುವರಿಸಿ, ದಿಲ್ಲಿಯ ಡಾಕ್ಟರಿಗೆ ಹೇಳುವುದೇನೂ ಬೇಡ, ಅವರಿಗೆ ಬೇಜಾರಾಗುತ್ತದೆ ಎಂದು ಹೇಳಿ ಕಳಿಸಿದರು. ಅಂದಿನಿಂದ ಊರಿಂದ ಬರುವ ಪಾರ್ಸೆಲ್‌ನಲ್ಲಿ ಚಟ್ನಿಪುಡಿ, ಖಡಕ್ ರೊಟ್ಟಿ, ಉಪ್ಪಿನಕಾಯಿಯ ಜೊತೆಗೆ ಆ ಬಾಟಲಿಯೂ ಬರುತ್ತಿತ್ತು. ಅಡುಗೆಮನೆಯ ಕಪಾಟಿನಲ್ಲಿ ಚಟ್ನಿಪುಡಿಯ ಪಕ್ಕದಲ್ಲೇ ಅದರ ಜಾಗ. ರಿಸ್ಪೆರಿಡೋನ್ ಮಾತ್ರ ಔಷಧಿಯ ಡಬ್ಬದಲ್ಲಿ.

ಎರಡನೆಯದನ್ನು ಸೇರಿಸಬಹುದೇ ಎಂದು ಕೇಳಲು ಬಂದಿದ್ದರು. ಎರಡನೆಯದು ಮೂರು ತಿಂಗಳಿಂದ ಮಗುವಿನ ಹೊಟ್ಟೆಗೆ ಬೀಳುತ್ತಲೇ ಇತ್ತು. ಇನ್ನು ಸೇರಬೇಕಿದ್ದದ್ದು ಮೂರನೆಯದು.

ನಾನು ದನಿ ಏರಿಸಿದೆ. ಹೊರಗಿದ್ದ ರೋಗಿಗಳಿಗೂ ಕೇಳಿಸಿರಬೇಕು. ಮಹೇಶ್ ತಲೆ ತಗ್ಗಿಸಿ, ದೊಡ್ಡಪ್ಪನೇ ತನ್ನನ್ನು ಓದಿಸಿದ್ದು, ಅವರ ಮಾತು ಮೀರುವುದು ಹೇಗೆ ಎಂದ. ‘ದೊಡ್ಡಪ್ಪನಿಗೂ ಬೇಜಾರಾಗಬಾರದು, ಡಾಕ್ಟರಿಗೂ ಬೇಜಾರಾಗಬಾರದು. ಈ ಮಗುಗೆ ಬೇಜಾರಾಗಲ್ವೇನಪ್ಪ?’ ಎಂದೆ. ರೇಖಾ ಅಲ್ಲೇ ಗೋಡೆಗೊರಗಿ ಅತ್ತಳು. ನನಗೆ ಅವಳ ಮೇಲೆ ಕರುಣೆ ಬರಲು ಸ್ವಲ್ಪ ಹೊತ್ತು ಹಿಡಿಯಿತು ಎಂದು ಒಪ್ಪಿಕೊಳ್ಳುತ್ತೇನೆ. ಇಡೀ ದಿನ ಹುಡುಗನ ಹಿಂದೆ ನಡೆದವಳು ಅವಳೇ, ಸೊಸೈಟಿಯವರಿಂದ ಮಾತು ಕೇಳಿದವಳೂ ಅವಳೇ. ಆದರೆ ಹಾಲು ಕಲಕಿದ ಕೈಯೂ ಅವಳದೇ.

ಈ ಎರಡು ಔಷಧಿಗಳು ಸೇರಿದರೆ ಹೃದಯದ ಬಡಿತದ ಲಯವೂ ಏರುಪೇರಾಗಬಹುದು, ಹಾಗಾಗಿ ಅದೇ ದಿನ ಇಸಿಜಿ ಮಾಡಿಸಿದೆ. ಪುಣ್ಯಕ್ಕೆ ಸರಿಯಾಗಿತ್ತು. ಮರುದಿನ ಗುರುಗ್ರಾಮದ ಡಾಕ್ಟರಿಗೆ ಫೋನ್ ಮಾಡಿದೆ. ಒಳ್ಳೆಯ ತರುಣ, ಬುದ್ಧಿವಂತ, ಆದರೆ ಸದಾ ಅವಸರದಲ್ಲಿರುವವನು. ಬೇರೆ ಔಷಧಿ ಇದೆಯೇ ಎಂದು ಕೇಳಿದ್ದೆ, ಇಲ್ಲವೆಂದರು ಎಂದ. ನಿಜವೇ. ನಿಹಾಲ್ ಏನು ಗೊಣಗುತ್ತಾನೆ ಎಂದು ಕೇಳಿದ್ದೆಯಾ ಎಂದೆ. ಕನ್ನಡದಲ್ಲೇನೋ ಹೇಳುತ್ತಿದ್ದ ಎಂದ. ಅಮ್ಮ ಪಕ್ಕದಲ್ಲೇ ಇದ್ದಳಲ್ಲ, ಅವಳನ್ನು ಕೇಳಬಹುದಿತ್ತಲ್ಲ ಎಂದೆ. ಆಮೇಲೆ ಒಲಾಂಜಪೈನ್ ಬೇಡ, ನೀವು ಹೇಳಿದಂತೆ ಮಾಡೋಣ ಎಂದ.

ದೊಡ್ಡಪ್ಪನಿಗೆ ಫೋನ್ ಮಾಡುವಾಗ ಮಹೇಶ್ ಬೇಡ ಬೇಡ ಎನ್ನುತ್ತಲೇ ಇದ್ದ. ನಾನು ಮಾಡಿದೆ. ಹಿರಿಯರು ಮೊದಲು ಪ್ರೀತಿಯಿಂದಲೇ ಮಾತಾಡಿದರು, ಆಮೇಲೆ ಬಿಗಿಯಾದರು. ‘ನಮ್ಮ ಮನೆ ಕೂಸು ಅದು. ನಾನೇನು ವಿಷ ಹಾಕಿದ್ನಾ ತಾಯಿ?’

‘ವಿಷ ಹಾಕಿಲ್ಲ ಸರ್. ಇನ್ನೊಬ್ಬ ಡಾಕ್ಟರಿಗೆ ಹೇಳಬೇಡಿ ಅಂದ್ರಲ್ಲ, ಅದು ಅದಕ್ಕಿಂತ ಕಮ್ಮಿ ಏನಲ್ಲ’ ಎಂದೆ. ಹುಡುಗ ತನ್ನ ಕಾಲಿಗೆ ಏನು ಹೇಳುತ್ತಾನೆ ಎಂಬುದನ್ನೂ ಹೇಳಿದೆ. ಕೊನೆಗೆ, ಈ ವಾರದ ಪಾರ್ಸೆಲ್ ಹೊರಟುಬಿಟ್ಟಿದೆ, ಅದರಲ್ಲೂ ಬಾಟಲಿ ಇದೆ ಎಂದರು. ಅದೇ ಕೊನೆಯದಾಗಲಿ ಎಂದೆ. ಕ್ಷಮೆ ಕೇಳಲಿಲ್ಲ ಅವರು. ಆದರೆ ಮತ್ತೆ ಕಳಿಸಲೂ ಇಲ್ಲ.

ಆಮೇಲಿನದು ನಿಧಾನದ ಕೆಲಸ. ಹ್ಯಾಲೊಪೆರಿಡಾಲನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದು ನಿಲ್ಲಿಸಿದೆವು. ನಂತರ ರಿಸ್ಪೆರಿಡೋನನ್ನು ಹಳೆಯ ಪ್ರಮಾಣಕ್ಕೆ ತಂದೆವು. ವಾರವಾರ ನೋಡುತ್ತಿದ್ದೆ. ಇದನ್ನು ಓದಿದ ಯಾರಾದರೂ ನಾಳೆ ಬೆಳಿಗ್ಗೆ ಮಗುವಿನ ಔಷಧಿಯನ್ನು ತಾವೇ ಕಸದ ಬುಟ್ಟಿಗೆ ಎಸೆದರೆ, ದೊಡ್ಡಪ್ಪ ಮಾಡಿದ್ದಕ್ಕೂ ಅವರು ಮಾಡಿದ್ದಕ್ಕೂ ವ್ಯತ್ಯಾಸವಿರುವುದಿಲ್ಲ. ಏಕಾಏಕಿ ನಿಲ್ಲಿಸುವುದೂ ಅಪಾಯ. ನಡುವೆ ಎರಡು ಸಲ ನಿಹಾಲ್ ಮತ್ತೆ ಕೈ ಕಚ್ಚಿಕೊಂಡ. ರೇಖಾ ಹೆದರಿ ಫೋನ್ ಮಾಡಿದಳು, ಆದರೆ ಈ ಸಲ ಏನು ಸೇರಿಸಲಿ ಎಂದು ಕೇಳಲಿಲ್ಲ, ಏನಾಗುತ್ತಿದೆ ಎಂದು ಹೇಳಿದಳು. ಮೇಲಿನ ಮನೆಯಲ್ಲಿ ಗೋಡೆ ಕೊರೆಯುತ್ತಿದ್ದರು. ಡ್ರಿಲ್ ಸದ್ದಿಗೆ ಹುಡುಗ ಕೆರಳುತ್ತಿದ್ದ. ಆ ಹೊತ್ತಿನಲ್ಲಿ ಅವನನ್ನು ಪಾರ್ಕಿಗೆ ಕರೆದುಕೊಂಡು ಹೋಗು ಎಂದೆ. ಅಷ್ಟೇ ಬೇಕಿತ್ತು.

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಕ್ಲಿನಿಕ್ ಮುಗಿಸಿ ಅವರ ಜೊತೆಗೇ ಮೆಟ್ರೊ ಹತ್ತಿದೆ. ಅವರ ಮನೆ ಎದುರು ದಿಕ್ಕಿಗೆ, ಆದರೆ ನಿಹಾಲನಿಗೆ ಕೊನೆಯ ಸ್ಟೇಷನ್ ನೋಡಿಯೇ ಹಿಂದಿರುಗಬೇಕಂತೆ, ಮೊದಲಿನ ಹಾಗೆ. ಅಮ್ಮ ಮತ್ತು ನನ್ನ ನಡುವೆ ಕೂತ. ಎರಡೂ ಕೈ ಮೊಣಕಾಲ ಮೇಲಿದ್ದವು, ಕಾಲುಗಳು ಸುಮ್ಮನಿದ್ದವು. ಪ್ರತಿ ನಿಲ್ದಾಣದ ಹೆಸರನ್ನು ಸ್ಪೀಕರಿಗಿಂತ ಮೊದಲೇ ಹೇಳುತ್ತಿದ್ದ.

ರೇಖಾ ಒಂದು ಸಂಗತಿ ಹೇಳಿದಳು. ಹಿಂದಿನ ದಿನ ಲಿಫ್ಟಿನಲ್ಲಿ ಕೆಳಗಿನ ಮನೆಯ ಹೆಂಗಸು ಸಿಕ್ಕಿ, ‘ಅಚ್ಛಾ ಹುವಾ, ನಯೀ ದವಾಯಿ ಕಾಮ್ ಕರ್ ಗಯೀ’ ಎಂದು, ಹೊಸ ಔಷಧಿ ಕೆಲಸ ಮಾಡಿತೆಂದು, ಸಂತೋಷಪಟ್ಟಳಂತೆ. ನನಗೆ ಮೆಟ್ರೊದಲ್ಲೇ ರಕ್ತ ಕುದಿಯಿತು. ನೀನೇನಂದೆ ಎಂದು ಕೇಳಿದೆ. ‘ಹೊಸದು ಕೊಟ್ಟಿಲ್ಲ ಆಂಟಿ, ಇದ್ದದ್ದನ್ನ ತೆಗೆದ್ವಿ ಅಂದೆ’ ಎಂದಳು. ಆ ಹೆಂಗಸಿಗೆ ಅರ್ಥವಾಗಲಿಲ್ಲವಂತೆ.

ನಾನು ಇಳಿಯುವ ನಿಲ್ದಾಣ ಬಂತು. ಎದ್ದು ಕಂಬ ಹಿಡಿದೆ. ನಿಹಾಲ್ ನನ್ನ ಕಾಲುಗಳ ಕಡೆ ನೋಡಿ, ಅವುಗಳಿಗೇ ಹೇಳಿದ: ‘ಕೂತ್ಕೋ.’ ನಾನು ಕೂತೆ. ಒಂದು ನಿಲ್ದಾಣ ಮುಂದೆ ಹೋಗಿ ವಾಪಸು ಬಂದೆ.

ಎರಡು ಔಷಧಿ ಒಟ್ಟಿಗೆ ಕೊಡಬಹುದೇ ಎಂಬ ಸಂದೇಶಗಳು ಈಗಲೂ ಬರುತ್ತವೆ. ನನ್ನ ಸಿಟ್ಟೂ ಹಾಗೆಯೇ ಇದೆ. ಏನು ಸೇರಿಸೋಣ ಎಂದು ಕೇಳುವ ಮೊದಲು, ಈಗಾಗಲೇ ಏನು ಸೇರಿದೆ ಎಂದು ತಿಳಿಯಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಆದ್ದರಿಂದ ದೆಹಲಿಯಲ್ಲಿರುವ ಕನ್ನಡದ ತಂದೆ ತಾಯಿ ಎದುರಿಗೆ ಬಂದು ಕೂತಾಗ ನಾನು ಬೇರೆ ಔಷಧಿ ಇದೆಯೇ ಎಂದು ಕೇಳುವುದಿಲ್ಲ. ಊರಿಂದ ಏನೇನು ಬರುತ್ತದೆ ಎಂದು ಕೇಳುತ್ತೇನೆ. ಹೆಚ್ಚಿನವರು ನಕ್ಕು ಚಟ್ನಿಪುಡಿಯಿಂದ ಶುರುಮಾಡುತ್ತಾರೆ. ನಾನು ನಗುವುದಿಲ್ಲ. ‘ಆಮೇಲೆ?’ ಎನ್ನುತ್ತೇನೆ.