ರಿಂಗ್ ಆಟದಲ್ಲಿ ಪಾಯಿಂಟು ಹೋಗುವ ಬಗೆ

ಕೂಡ್ಲಿಗಿಯ ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗವೇ ಆಟದ ನೆಟ್ಟು. ಮಗಳು ಹೈಸ್ಕೂಲಿನ ರಿಂಗ್ ಟೆನಿಸ್ ಟೀಮಿಗೆ ಸೇರಿದ ವರ್ಷ, ಸಂಜೆ ದೀಪ ಹಚ್ಚುವ ಮುಂಚೆ ಎದುರು ನಿಂತು ಆ ರಬ್ಬರ್ ರಿಂಗು ಎಸೆಯುವವಳು ನಾನೇ. ಹಿಡಿಯಲು ಎರಡೂ ಕೈ ಹಚ್ಚಿದೆನೋ, ಪಾಯಿಂಟು ಹೋಯಿತು. ಮೈಗೆ ತಾಗಿತೋ, ಹೋಯಿತು. ಹೆಗಲಿಗಿಂತ ಮೇಲಿಂದ ಎಸೆದರೂ ಹೋಯಿತು. ಹಿಡಿದು ಒಂದು ಉಸಿರು ನಿಂತರಂತೂ ಬೈದೇ ಬಿಡುತ್ತಿದ್ದಳು. ಹಿಡಿದಲ್ಲಿಂದಲೇ, ಹಿಡಿದ ಕೈಯಿಂದಲೇ, ಆಗಿಂದಾಗಲೇ ತಿರುಗಿ ಎಸೆಯಬೇಕು. ಎಡಗೈ ತಾನಾಗಿ ಮುಂದೆ ಬರಬಾರದೆಂದು ಅದನ್ನು ಬೆನ್ನ ಹಿಂದೆ ಲಂಗದ ಲಾಡಿಗೆ ಸಿಗಿಸಿಕೊಂಡು ಆಡುತ್ತಿದ್ದಳು.

ನನ್ನ ಮನೆಯವರ ಕೈ ಮೊದಲಿಂದ ಬಿರುಸು. ನನ್ನ ಮುಂದಿನ ಹಲ್ಲೊಂದು ಹೋದದ್ದು ಅವರ ಕೈಯಲ್ಲೇ. ಆ ಏಟಿನಲ್ಲಿ ನನ್ನ ಕಣ್ಣು ಉಳಿಸಿದ ಕೊಟ್ಟೂರು ಸ್ವಾಮಿಗೆ ಅಂದಿನಿಂದ ಸೋಮವಾರ ಒಪ್ಪತ್ತು ಮಾಡುತ್ತೇನೆ.

ಹಡಗಲಿಯಲ್ಲಿ ಮ್ಯಾಚು. ಹಿಂದಿನ ದಿನ ಸಂಜೆ ಅವರು ಅಡುಗೆಮನೆಗೆ ಬಂದು, ಹುಡುಗಿ ಊರೂರು ತಿರುಗಿ ಕುಣಿಯುವುದು ಬೇಡ, ಹೋದರೆ ಕೈ ಮುರಿಯುತ್ತೇನೆ ಎಂದರು. ಟೀಚರಿಗೆ ಮಾತು ಕೊಟ್ಟೀನ್ರಿ, ಹೋಗ್ಲಿ ಬಿಡ್ರಿ ಎಂದೆ. ಕೂದಲು ಹಿಡಿದು ನನ್ನ ತಲೆಯನ್ನು ಗೋಡೆಗೆ ಬಡಿದರು. ಕುಸಿದೆ. ಅಷ್ಟಕ್ಕೆ ಬಿಡದೆ, ಒಲೆ ಪಕ್ಕದ ಜಾಲಿ ಕಟ್ಟಿಗೆಯ ಸೀಳೊಂದನ್ನು ಎತ್ತಿ ನನ್ನ ಮುಖಕ್ಕೆ ಬೀಸಿ ಒಗೆದರು.

ಅದು ನನ್ನನ್ನು ಮುಟ್ಟಲಿಲ್ಲ. ಮಗಳು ಅಡ್ಡ ಬಂದು ಒಂದೇ ಕೈಯಲ್ಲಿ ಹಿಡಿದಿದ್ದಳು. ಎಡಗೈ ಬೆನ್ನ ಹಿಂದೆಯೇ ಇತ್ತು. ಹಿಡಿದದ್ದಷ್ಟೇ ನಾನು ಕಂಡೆ, ತಿರುಗಿ ಎಸೆದದ್ದು ಕಾಣಲಿಲ್ಲ. ಆ ಸೀಳು ಕೆಳಗಿನಿಂದ ಮೇಲಕ್ಕೆ ಹಾರಿ ಅವರ ಹುಬ್ಬಿಗೆ ಬಡಿಯಿತು. ರಕ್ತ ಮೂಗಿನ ಮೇಲಿಂದ ಬಾಯಿಗಿಳಿಯಿತು.

ಇನ್ನು ಇಬ್ಬರನ್ನೂ ಕೊಲ್ಲುತ್ತಾರೆ ಅಂದುಕೊಂಡು ಶಿವನಾಮ ಹಿಡಿದೆ. ಅವರು ಗೋಡೆಗೊರಗಿ ಕೂತುಬಿಟ್ಟರು.

"ಅಪ್ಪಗ ಹೊಡದ್ಯಾ?" ಎಂದೆ.

ಮಗಳು ತನ್ನ ಅಂಗೈ ನೋಡಿಕೊಂಡಳು. "ಹೊಡಿಲಿಲ್ಲವ್ವ. ಹಿಡಕೊಂಡು ನಿಂತ್ರ ಪಾಯಿಂಟ್ ಹೋಗತೈತಿ."

ಅವರ ಹುಬ್ಬಿಗೆ ಅರಿಶಿನ ಒತ್ತಿದೆ. ಆಕೆಯ ಅಂಗೈಯೊಳಗಿನ ಸಿಬರುಗಳನ್ನು ಪಿನ್ನಿನಿಂದ ತೆಗೆದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಕಳಿಸುವಾಗ ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.

ಮೊದಲ ಆಟದಲ್ಲೇ ಸೋತು ಬಂದಳು. ಊದಿದ ಕೈಯಲ್ಲಿ ರಿಂಗು ನಿಲ್ಲದೆ ಎಡಗೈಯನ್ನೂ ಹಚ್ಚಿದಳಂತೆ. ನನ್ನ ಮಡಿಲಲ್ಲಿ ಮುಖ ಇಟ್ಟು ಅತ್ತಳು.

ಅಲ್ಲಿಂದ ಮುಂದೆ ಅವರು ಆಕೆ ಶಾಲೆಗೆ ಹೋದ ಹೊತ್ತು ನೋಡಿಯೇ ನನ್ನ ಮೇಲೆ ಕೈ ಎತ್ತುತ್ತಿದ್ದರು. ಆಕೆ ಮನೆಯಲ್ಲಿದ್ದಷ್ಟು ಹೊತ್ತು ನಾನು ತಲೆ ಎತ್ತಿ ಓಡಾಡಿದೆ. ಸೋಮವಾರ ಸ್ವಾಮಿಯ ಮುಂದೆ ಕೂತಾಗ ಉಳಿದ ಕಣ್ಣಿನ ಜೊತೆ ಆ ಹೊತ್ತನ್ನೂ ನೆನೆಯುತ್ತೇನೆ.