ಲೆಯೊನಿಯ ಉಸಿರು ಬಲ್ಲವಳು

ಟೋಕಿಯೋದ ನೆಜು ಓಣಿಯ ತೋಫು ಅಂಗಡಿಯ ಮಹಡಿ ಮೇಲೆ ಇಬ್ಬರು ಪರದೇಶದ ಹೆಂಗಸರು ಇದ್ದಾರೆ ಅಂತ ಅಕ್ಕಪಕ್ಕದವರು ಹೇಳಿಕೊಳ್ಳುತ್ತಿದ್ದರು. ಒಬ್ಬಳು ಮಾತಾಡುವವಳು, ಇನ್ನೊಬ್ಬಳು ನಡೆಯುವವಳು. ಮಾತಾಡುವವಳು ಇವತ್ತು ಗಂಡನಿಗೆ ವಿಷ ಹಾಕಿದರೆ ನಾಳೆ ಯಾವನೋ ಸೇನಾಪತಿಗಾಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ನಾಡಿದ್ದು ಕುದುರೆ ಗಾಡಿ ಕಟ್ಟಿಸು ಅಂತ ಆಳಿಗೆ ಅಪ್ಪಣೆ ಕೊಡುತ್ತಿದ್ದಳು. ಅಷ್ಟು ನಯದ ಮಾತು ಆ ಓಣಿಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ನಡೆಯುವವಳದು ಎತ್ತರದ ಹಿಮ್ಮಡಿಯ ಸದ್ದು. ಟಕ್, ಟಕ್, ಸ್ವಲ್ಪ ತಡೆ, ಮತ್ತೆ ಟಕ್.

ಆಮೇಲೆ ಬಾಗಿಲು ತೆರೆದು ಮೆಟ್ಟಿಲಿಳಿದು ಬರುತ್ತಿದ್ದವರು ಯಾರು? ಬುಟ್ಟಿ ಹಿಡಿದ, ದುಂಡು ಮುಖದ, ಕುಳ್ಳು ಹಿಸಾನೊ. ಅವಳ ಹಿಂದೆಯೇ ಬಾಗಿಲಿಗೆ ತಲೆ ತಾಗೀತೆಂದು ಬಗ್ಗಿಕೊಂಡು ಬರುವ ಅವಳ ಗಂಡ ರೊಕುರೋ.

ಕೆಳಗೆ ಅಂಗಡಿಯಲ್ಲಿ ಸೋಯಾ ಹಾಲಿನ ತೋಫು ಕತ್ತರಿಸುತ್ತಿದ್ದ ತೊಕಿ ಸುಮ್ಮನೆ ಬಿಡುವವಳಲ್ಲ. "ಏನೇ ಹಿಸಾನೊ, ನಿನ್ನೆ ಯಾರ್ನ ಸಾಯ್ಸಿದ್ದು?"

"ಎರಡ್ನೇ ಗಂಡನ್ನ ಕಣಕ್ಕಾ."

"ಸದ್ಯ! ಮೊದ್ಲನೇವ್ನು ಇನ್ನೂ ಇದಾನೆ. ತಗೋ, ಅವ್ನಿಗೆ ಎರಡು ತುಂಡು ಜಾಸ್ತಿ ಹಾಕಿದೀನಿ. ಪಾಪ, ರಾತ್ರಿಯೆಲ್ಲಾ ಹೆಂಗಸ್ರ ಚಪ್ಪಲಿ ಹಾಕ್ಕೊಂಡು ನಡ್ದೂ ನಡ್ದೂ ಕಾಲಲ್ಲಿ ಬೊಬ್ಬೆ ಬಂದಿರ್ಬೇಕು."

ವಿಷಯ ಇಷ್ಟೆ. ಹಿಸಾನೊ ಟಿವಿಯಲ್ಲಿ ಬರುವ ವಿದೇಶಿ ಸಿನಿಮಾಗಳಿಗೆ ಜಪಾನಿ ಮಾತಿನಲ್ಲಿ ದನಿ ಕೊಡುವವಳು. ರೊಕುರೋ ಅದೇ ಸಿನಿಮಾಗಳಿಗೆ ಹೆಜ್ಜೆಯ ಸದ್ದು, ಬಟ್ಟಲ ಸದ್ದು, ಬಾಗಿಲ ಕಿರುಗುಟ್ಟು ಮಾಡಿಕೊಡುವವನು. ಅವಳು ಮಾತು ಬಾಯಿಪಾಠ ಮಾಡುವಾಗ ಇವನು ಪಕ್ಕದ ಕೋಣೆಯಲ್ಲಿ ನಡಿಗೆ ಬಾಯಿಪಾಠ ಮಾಡುತ್ತಿದ್ದ.

ಹಿಸಾನೊ ಬಡಗಣ ದಿಕ್ಕಿನ ಮೀನುಗಾರರ ಊರಿನವಳು. ಹದಿನೆಂಟಕ್ಕೆ ಟೋಕಿಯೋಗೆ ಬಂದು ನಾಟಕದ ತಂಡವೊಂದನ್ನು ಸೇರಿದಳು. ಎತ್ತರವಿಲ್ಲ, ನೀಳ ಮೂಗಿಲ್ಲ ಅಂತ ಒಂಬತ್ತು ವರ್ಷ ಬರೀ ತಟ್ಟೆ ಹಿಡಿದು ಬರುವ ಆಳಿನ ಪಾತ್ರ. ಟೋಕಿಯೋದಲ್ಲಿ ಒಲಿಂಪಿಕ್ಸ್ ಆದ ಮರುವರ್ಷ ಟಿವಿಯವರು ಫ್ರಾನ್ಸಿನ ಸಿನಿಮಾವೊಂದಕ್ಕೆ ದನಿ ಬೇಕೆಂದು ತಂಡದಿಂದ ಆರು ಜನರನ್ನು ಕರೆಸಿದರು. ಅಲ್ಲೂ ಹಿಸಾನೊಗೆ ಸಿಕ್ಕಿದ್ದು ಆಳಿನ ಎರಡು ಮಾತು. ನಾಯಕಿಗೆ ದನಿ ಕೊಡಬೇಕಾದವಳು ಹೊಸ ರೇಷ್ಮೆ ಕಿಮೊನೊ ಉಟ್ಟು ಬಂದಿದ್ದಳು. ತೋಳೆತ್ತಿದರೆ ಸರಸರ, ಹಾಳೆ ತಿರುವಿದರೆ ಸರಸರ. ಆಗೆಲ್ಲ ಒಂದೇ ಮೈಕು, ಒಂದೇ ಓಟ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ಮೂರನೇ ಸಲವೂ ಸರಸರ ಅಂದಾಗ ನಿರ್ದೇಶಕ ಒಗಿಹಾರ ಗಾಜಿನ ಆಚೆಯಿಂದ ಕೂಗಿದ:

"ಸದ್ದಿಲ್ದೆ ಇರೋ ಹೆಂಗ್ಸು ಒಬ್ಳೂ ಇಲ್ವೇನ್ರೀ ಇಲ್ಲಿ?"

ಎಲ್ಲರೂ ಮೂಲೆಗೆ ನೋಡಿದರು. ಒಗೆದೊಗೆದು ಮೆತ್ತಗಾದ ಹತ್ತಿ ಬಟ್ಟೆಯಲ್ಲಿ, ಹೊಟ್ಟೆ ಗುರ್ ಅನ್ನಬಾರದೆಂದು ಒಂದು ಅನ್ನದುಂಡೆ ತಿಂದುಕೊಂಡು ಬಂದು, ಉಸಿರು ಬಿಗಿಹಿಡಿದು ನಿಂತಿದ್ದಳು ಹಿಸಾನೊ. ಅವಳನ್ನು ಮೈಕಿನ ಮುಂದೆ ನಿಲ್ಲಿಸಿದರು. ಪರದೆ ಮೇಲೆ ಲೆಯೊನಿ ವಾರ್ಡೆಲ್ ಎಂಬ ತರುಣಿ ಕಿಟಕಿಯಿಂದ ತಿರುಗಿ ನೋಡಿದಳು. ಬಾಯಿ ತೆರೆದಳು. ಹಿಸಾನೊ ಮಾತಾಡಿದಳು.

ಅವತ್ತು ಹಿಡಿದ ಕೈ ಬಿಡಲೇ ಇಲ್ಲ. ಇಪ್ಪತ್ತಾರು ವರ್ಷ, ಇಪ್ಪತ್ತೊಂಬತ್ತು ಸಿನಿಮಾ. ಲೆಯೊನಿ ಅಂದರೆ ಹಿಸಾನೊ. ಇನ್ನೊಬ್ಬರ ದನಿ ಹಾಕಿದರೆ ನೋಡುಗರು ಟಿವಿಗೆ ಕಾಗದ ಬರೆದು ಬೈಯುತ್ತಿದ್ದರು. ಊರಲ್ಲಿ ತಾಯಿ ಮಾತ್ರ ಪಕ್ಕದ ಮನೆಯಲ್ಲಿ ಕೂತು ಸಿನಿಮಾ ಪೂರಾ ನೋಡಿ, "ನೀನೆಲ್ಲೂ ಕಾಣ್ಲೇ ಇಲ್ವಲ್ಲೇ" ಅಂತ ಫೋನಿನಲ್ಲಿ ಅತ್ತಿದ್ದಳು.

ಮಾತಿಗಿಂತ ಉಸಿರು ಮುಖ್ಯ ಅನ್ನುವುದು ಹಿಸಾನೊಳ ನಂಬಿಕೆ. ತುಟಿಗೆ ಮಾತು ಯಾರಾದರೂ ಕೂಡಿಸಿಯಾರು, ಎದೆ ಏರಿದ್ದು ಇಳಿದದ್ದು ಕೂಡಬೇಕಲ್ಲ? ಮಾತು ಬರೆದ ಪಾಠದ ಹಾಳೆಯಲ್ಲಿ ಲೆಯೊನಿ ಉಸಿರೆಳೆಯುವ ಕಡೆಯೆಲ್ಲ ಕೆಂಪು ಪೆನ್ಸಿಲಿನಲ್ಲಿ ಒಂದು ಗೀಟು. ಸುಳ್ಳು ಹೇಳುವ ಮುಂಚೆ ಲೆಯೊನಿ ಮೂಗಿನಲ್ಲಿ ಚಿಕ್ಕದಾಗಿ ಉಸಿರೆಳೆದುಕೊಳ್ಳುತ್ತಾಳೆ. ನಿಜ ಹೇಳುವಾಗ ಎಳೆದುಕೊಳ್ಳುವುದೇ ಇಲ್ಲ, ಎದೆಯಲ್ಲಿ ಉಳಿದಷ್ಟರಲ್ಲೇ ಹೇಳಿ ಮುಗಿಸುತ್ತಾಳೆ. ಇದು ಅವಳ ಗಂಡಂದಿರಿಗೂ ಗೊತ್ತಿರಲಿಕ್ಕಿಲ್ಲ. ಹಿಸಾನೊಗೆ ಗೊತ್ತು.

ಇಷ್ಟೆಲ್ಲ ಗೊತ್ತಿದ್ದೂ ಮುಖಾಮುಖಿ ಒಂದು ಮಾತಿಲ್ಲ. ಒಂದೇ ಒಂದು ಸಲ ಲೆಯೊನಿ ಟೋಕಿಯೋಗೆ ಬಂದಳು. ದೊಡ್ಡ ಹೋಟೆಲಿನಲ್ಲಿ ಪತ್ರಿಕೆಯವರ, ಅಭಿಮಾನಿಗಳ ಜಾತ್ರೆ. ಹಿಸಾನೊಳನ್ನು ಯಾರೂ ಕರೆದಿರಲಿಲ್ಲ. ರೊಕುರೋ ಎಳೆದುಕೊಂಡು ಹೋದ. ಕಂಬದ ಪಕ್ಕ ಇಬ್ಬರೂ ನಿಂತರು. ಲೆಯೊನಿ ಮಾತಾಡತೊಡಗಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಗೆಳತಿಯ ಕಿವಿಯಲ್ಲಿ, "ಅಯ್ಯೋ, ದನಿ ಹೀಗಾ? ಲೆಯೊನಿ ಥರ ಇಲ್ಲವೇ ಇಲ್ಲ ಕಣೇ!" ಅಂದಳು.

ರೊಕುರೋಗೆ ನಗು ತಡೆಯಲಾಗಲಿಲ್ಲ. ಹಿಸಾನೊ ನಗಲಿಲ್ಲ. ಅವಳ ತುಟಿ ತಾನೇ ತಾನಾಗಿ ಲೆಯೊನಿಯ ಜತೆ ಅಲುಗುತ್ತಿತ್ತು. ಲೆಯೊನಿ ಹೊರಡುವಾಗ ಎರಡು ಮಾರು ದೂರದಲ್ಲಿ ಹಾದುಹೋದಳು.

"ಹೋಗೇ, ಹೋಗು," ಅಂತ ರೊಕುರೋ ಬೆನ್ನು ತಳ್ಳಿದ. "ನಾನೇ ನಿನ್ನ ದನಿ ಅನ್ನು."

"ಯಾವ ದನೀಲಿ ಹೇಳ್ಲಿ? ಅವಳ್ದೋ, ನಂದೋ?" ಅಂದಳು ಹಿಸಾನೊ. ಅಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿತು. ಆ ಎರಡು ಮಾರು ಅವಳ ಎದೆಯಲ್ಲಿ ಹಾಗೆಯೇ ಉಳಿಯಿತು.

ರೊಕುರೋ ಅರವತ್ತು ತುಂಬುವ ಮುಂಚೆಯೇ ಹೋದ. ಅವನು ಹೋದ ಮೇಲೆ ಲೆಯೊನಿಯ ಸಿನಿಮಾಗಳೂ ಬರಲಿಲ್ಲ. ಏಳು ವರ್ಷ ಹಿಸಾನೊ ಮಾತಾಡುವ ಬೆಕ್ಕಿಗೆ, ಜಾಹೀರಾತಿನ ಅಜ್ಜಿಗೆ, ವಿಮಾನದಲ್ಲಿ ಸೀಟುಪಟ್ಟಿ ಕಟ್ಟಿಕೊಳ್ಳಿ ಅನ್ನುವ ಹೆಂಗಸಿಗೆ ದನಿ ಕೊಟ್ಟಳು. ಭಾನುವಾರ ಹಳೆಯ ಸಿನಿಮಾ ಮತ್ತೆ ಹಾಕಿದರೆ ದನಿ ತಗ್ಗಿಸಿ, ಬರೀ ಚಿತ್ರ ನೋಡುತ್ತ ಲೆಯೊನಿಯ ಜತೆ ಉಸಿರಾಡುತ್ತಿದ್ದಳು. ಇನ್ನೊಂದೇ ಒಂದು ಸಿನಿಮಾ ಬರಲಿ ಅನ್ನುವ ಆಸೆ ಬಿಟ್ಟರೆ ಅವಳಿಗೆ ಬೇರೆ ಆಸೆ ಉಳಿದಿರಲಿಲ್ಲ.

ಬಂತು. ಚಳಿಗಾಲದ ಮೊದಲಲ್ಲಿ ಒಗಿಹಾರ ವಿಡಿಯೋ ಕ್ಯಾಸೆಟ್ ಹಿಡಿದು ಮಹಡಿ ಹತ್ತಿ ಬಂದ. ಕೊಟ್ಟ ಚಹಾ ಕುಡಿಯದೆ ಬಟ್ಟಲನ್ನು ಸುತ್ತಿಸುತ್ತ ಕೂತ.

"ಅಕ್ಕಾ, ಲೆಯೊನಿ ಹೊಸ ಸಿನಿಮಾ. ದೀಪಸ್ತಂಭ ಕಾಯೋನ ವಿಧವೆ ಪಾತ್ರ. ಆದ್ರೆ... ಹಣ ಹಾಕೋರು ದನಿಗೆ ಬೇರೆ ಹುಡುಗೀನ ಗೊತ್ತು ಮಾಡಿದಾರೆ. ಧಾರಾವಾಹೀಲಿ ಬರ್ತಾಳಲ್ಲ, ಅವಳ್ನ."

ಹಿಸಾನೊ ಕೈಯಲ್ಲಿದ್ದ ಚಹಾ ಕೆಟಲನ್ನು ನಿಧಾನವಾಗಿ ಇಟ್ಟಳು. "ಮತ್ತೆ ಇದನ್ಯಾಕೆ ತಂದ್ರಿ?"

"ನಿಮಗೆ ತೋರಿಸ್ದೆ ಹೇಗೆ ಇರ್ಲಿ ಹೇಳಿ?"

ಇಬ್ಬರೂ ನೋಡಿದರು. ಮುದುಕಿಯಾದ ಲೆಯೊನಿ ಮೇಜಿನ ಮುಂದೆ ಕೂತು ಸೇಬು ಸುಲಿಯುತ್ತ ಮಗಳಿಗೆ ಏನೋ ಹೇಳುತ್ತಾಳೆ. ಹಿಸಾನೊ ಮುಂದಕ್ಕೆ ಬಾಗಿದಳು. ಅದೇ ದೃಶ್ಯ ಮತ್ತೆ ಹಾಕಿಸಿದಳು, ಇನ್ನೊಮ್ಮೆ ಹಾಕಿಸಿದಳು.

"ಮಾತಿನ ನಡುವೆ ಉಸಿರೆಳೀತಿದಾಳೆ," ಅಂದಳು. "ಒಂದ್ಸಲ ಅಲ್ಲ, ಮೂರು ಸಲ. ಇದು ನಟನೆ ಅಲ್ಲ ಒಗಿಹಾರ ಅವ್ರೇ. ಇವಳಿಗೆ ಎದೆ ಸರಿಯಿಲ್ಲ."

"ಅಷ್ಟು ದೂರದಿಂದ ನಿಮಗೆ ಹೇಗೆ ಗೊತ್ತಾಗುತ್ತೆ?"

ಹೇಗೆ ಅನ್ನುವುದನ್ನು ಹಿಸಾನೊ ಹೇಳಲಿಲ್ಲ. ಅವಳ ಎದೆಯಲ್ಲೂ ಅಂಥದ್ದೇ ನೆರಳಿದೆ ಅಂತ ಡಾಕ್ಟರು ಹೋದ ತಿಂಗಳು ಎಕ್ಸ್‌ರೇ ತೆಗೆದು ತೋರಿಸಿದ್ದರು. ಆಸ್ಪತ್ರೆಯಲ್ಲಿ ಹಾಸಿಗೆ ತೆರವಾಗುವುದನ್ನೇ ಕಾಯುತ್ತಿದ್ದಳು. ತೊಕಿಗೆ ಬಿಟ್ಟು ಯಾರಿಗೂ ಅದು ಗೊತ್ತಿರಲಿಲ್ಲ.

ಒಗಿಹಾರ ಎದ್ದಾಗ ಹಿಸಾನೊ ಕ್ಯಾಸೆಟ್ಟನ್ನೂ ಪಾಠದ ಹಾಳೆಯನ್ನೂ ಕೇಳಿ ಇಸಿದುಕೊಂಡಳು. ಎರಡು ದಿನ ಕೂತು ಕೆಂಪು ಗೀಟು ಹಾಕಿ ಮುಗಿಸಿ, ಆ ಹುಡುಗಿಗೆ ಕೊಡಿ ಅಂತ ಕಳಿಸಿದಳು. ತೊಕಿಗೆ ರೇಗಿಹೋಯಿತು.

"ಊಟಾನ ಕಸ್ಕೊಂಡೋಳಿಗೆ ಉಪ್ಪಿನ್ಕಾಯಿ ಬೇರೆ ಕಳಿಸ್ತೀಯಲ್ಲೇ! ನಿನ್ನಂಥ ಪೆದ್ದಿ ಇನ್ನೊಬ್ಳಿಲ್ಲ."

"ಆ ಹುಡುಗಿಗಲ್ಲ ಅಕ್ಕಾ ಕಳಿಸಿದ್ದು. ಲೆಯೊನಿ ಉಸಿರು ಕಟ್ಟಿ ನಿಂತುಬಿಟ್ರೆ ಅಂತ."

ಹತ್ತು ದಿನ ಕಳೆದಿರಲಿಲ್ಲ, ಲೆಯೊನಿ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂತು. ಬೆಳಿಗ್ಗೆ ತೋಫು ಸುತ್ತಲು ಹಳೆಯ ಪತ್ರಿಕೆ ಹರಡುತ್ತಿದ್ದ ತೊಕಿ ಆವತ್ತಿನ ಹಾಳೆಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಹಿಸಾನೊಳ ಕೈಗೆ ಕೊಟ್ಟಳು. ಹಿಸಾನೊ ಓದಿ ಮಡಿಚಿಟ್ಟಳು. ಗಂಡ ಸತ್ತಾಗ ಗೋಳಾಡಿದ್ದವಳು ಈಗ ಅಳಲು ಬಾಯಿ ತೆರೆದರೆ ದನಿಯೇ ಬರಲಿಲ್ಲ. ತೊಕಿ ಬೆನ್ನು ಸವರುತ್ತ ಕೂತೇ ಇದ್ದಳು.

ಅದೇ ವಾರ ಒಗಿಹಾರ ಮತ್ತೆ ಬಂದ. ಈ ಸಲ ಬಾಗಿಲಲ್ಲೇ ನೆಲಕ್ಕೆ ತಲೆ ತಾಗುವಷ್ಟು ಬಗ್ಗಿದ.

"ನೀವು ಗೀಟು ಹಾಕಿದ ಕಡೆಯೆಲ್ಲಾ ಆ ಹುಡುಗಿ ಉಸಿರೆಳೆದ್ಲು ಅಕ್ಕಾ, ಒಂದೂ ತಪ್ಲಿಲ್ಲ. ಆದ್ರೆ ಲೆಯೊನಿ ಬದುಕಿರೋ ಹಾಗೆ ಕಾಣಿಸ್ಲಿಲ್ಲ. ಕೊನೆಗೆ ಆ ಮಗುನೇ ಹಾಳೆ ಕೆಳಗಿಟ್ಟು, 'ನನ್ನ ಕೈಲಾಗಲ್ಲ, ಈ ಗೀಟು ಹಾಕಿದೋರ್ನೇ ಕರೀರಿ' ಅಂತು. ಹಣ ಹಾಕೋರೂ ಒಪ್ಪಿದ್ರು. ಗುರುವಾರ ಬರ್ತೀರಾ?"

ಗುರುವಾರಕ್ಕೇ ಆಸ್ಪತ್ರೆಯ ಹಾಸಿಗೆ ಗೊತ್ತಾಗಿತ್ತು. ಹಿಸಾನೊ ಒಂದು ಗಳಿಗೆಯೂ ಯೋಚಿಸಲಿಲ್ಲ. "ಬರ್ತೀನಿ," ಅಂದಳು. ಮೂಗಿನಲ್ಲಿ ಉಸಿರೆಳೆದುಕೊಳ್ಳಲಿಲ್ಲ.

ಒಗಿಹಾರ ಮೆಟ್ಟಿಲಿಳಿದ ಮೇಲೆ ತೊಕಿಯ ಸರದಿ. "ಡಾಕ್ಟ್ರು ದನಿ ಎತ್ಬೇಡ ಅಂದಿದಾರೆ. ಒಂದ್ಸಾಲು ಮಾತಾಡಿದ್ರೆ ಏದುಸಿರು ಬಿಡ್ತೀಯ. ಅಲ್ಲಿ ಎರಡು ಗಂಟೆ ಹೆಂಗೆ ಮಾತಾಡ್ತೀಯೆ?"

"ಅವಳೂ ಹಂಗೇ ಮಾತಾಡಿದಾಳಲ್ಲಕ್ಕಾ."

"ಅವ್ಳು ಸತ್ಳು!"

ಹಾಗಂದವಳೇ ತೊಕಿ ಬಾಯಿ ಮುಚ್ಚಿಕೊಂಡಳು. ಹಿಸಾನೊ ಅವಳ ಒದ್ದೆ ಕೈ ಹಿಡಿದಳು.

"ಅವತ್ತು ಹೋಟೆಲ್ನಲ್ಲಿ ಎರಡೇ ಮಾರು ಇತ್ತು ಅಕ್ಕಾ. ಹೋಗ್ಲಿಲ್ಲ ನಾನು. ಏನಾದ್ರೂ ಒಂದು ಮಾತು ಆಡ್ಬೋದಿತ್ತು. ಈಗ ಅವಳ ಕೊನೇ ಮಾತನ್ನೂ ಬೇರೆಯವ್ರು ಆಡಿಬಿಟ್ರೆ ನಾನು ಆಸ್ಪತ್ರೇಲಿ ಮಲಗಿ ಏನ್ಮಾಡ್ಲಿ?"

ತೊಕಿ ಕೈ ಕಿತ್ತುಕೊಂಡು ಕೆಳಗೆ ಹೋದಳು. ಆಮೇಲೆ ಆಸ್ಪತ್ರೆಗೆ ತಾನೇ ಫೋನು ಮಾಡಿ, ರೋಗಿ ಬೆಳಿಗ್ಗೆಯಲ್ಲ, ಸಂಜೆ ಬರುತ್ತಾಳೆ ಅಂತ ಗಟ್ಟಿಯಾಗಿ ಹೇಳಿದ್ದು ಓಣಿಗೆಲ್ಲ ಕೇಳಿಸಿತು.

ಗುರುವಾರ ಬಿಸಿಲು ಚೆನ್ನಾಗಿತ್ತು. ಹಿಸಾನೊ ಅಕ್ಕಿ ಡಬ್ಬದ ಮುಚ್ಚಳ ಬಿಗಿದಳು, ಗ್ಯಾಸು ಆರಿಸಿದಳು, ರೊಕುರೋನ ಚಿತ್ರದ ಮುಂದೆ ಎಡೆಯಿಟ್ಟ ಚಹಾ ಬದಲಿಸಿದಳು. ಆಸ್ಪತ್ರೆಯ ಚೀಲದಲ್ಲಿ ಎರಡು ಜತೆ ರಾತ್ರಿಯುಡುಪು, ಬಾಚಣಿಗೆ, ಮೇಲೆ ಪಾಠದ ಹಾಳೆ. ಹನ್ನೊಂದು ಮೆಟ್ಟಿಲು ಇಳಿಯಲು ಮೂರು ಕಡೆ ನಿಂತಳು. ಕೆಳಗೆ ತೊಕಿ ಕಣ್ಣೊರೆಸಿಕೊಳ್ಳದೆ ಚೀಲ ಹಿಡಿದು ಓಣಿಯ ಬಾಯಿಯವರೆಗೆ ಬಂದಳು.

ಟ್ಯಾಕ್ಸಿಯವನು ಚೀಲ ನೋಡಿ, ಅವಳ ಬಣ್ಣ ನೋಡಿ, "ಆಸ್ಪತ್ರೆಗಾ ಅಮ್ಮಾ?" ಅಂದ.

"ಅದು ಸಾಯಂಕಾಲಕ್ಕೆ ಕಣಪ್ಪಾ," ಅಂದಳು ಹಿಸಾನೊ, ಒಳಗೆ ಕೂತು ಚೀಲ ಮಡಿಲಿಗೆಳೆದುಕೊಳ್ಳುತ್ತ. "ಈಗ ಕೆಲಸಕ್ಕೆ."