ಮುಖದ ಅಚ್ಚು ತೆಗೆದ ರಾತ್ರಿ

ರಾತ್ರಿ ಎಂಟು ನಲವತ್ತು. ನನ್ನ ಫೋನಿನಲ್ಲಿರುವ ವಿಡಿಯೋ ಶುರುವಾಗುವುದು ಆ ಹೊತ್ತಿಗೆ. ಹಾಗಾಗಿ ಸಮಯದ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದದ್ದರ ಬಗ್ಗೆಯೂ ಇಲ್ಲ. ನಾನು ಜೀವಶಾಸ್ತ್ರ ಓದಿದವಳು, ದೆವ್ವದ ಕಥೆ ಕೇಳಿ ನಗುತ್ತಿದ್ದವಳು. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತಿದ್ದೇನೆ...

ಹೈದರಾಬಾದಿನ ಒಂದು ಖಾಸಗಿ ಕಲೆ ಮತ್ತು ಸಿನಿಮಾ ಶಾಲೆಯಲ್ಲಿ ಮೇಕಪ್ ಕಲಿಸುತ್ತಿದ್ದೆ. ಸುಟ್ಟ ಗಾಯ, ಊದಿದ ಹೆಣ, ಮುದಿ ಮುಖ, ಇಂಥವು. ತರಗತಿಗಳು ಕೊಂಡಾಪುರದ ಗಾಜಿನ ಕಟ್ಟಡದಲ್ಲಿ. ನಮ್ಮ ವರ್ಕ್‌ಶಾಪ್ ಮಾತ್ರ ಜೀಡಿಮೆಟ್ಲಾದ ಹಳೆಯ ಶೆಡ್ಡಿನಲ್ಲಿ. ಒಳಗೆ ರಬ್ಬರ್, ಅಂಟು, ಹಳಸಿದ ನೀರಿನ ವಾಸನೆ. ಊಟದ ಡಬ್ಬಿ ಅಲ್ಲಿ ತೆರೆಯುವ ಮನಸ್ಸೇ ಆಗುತ್ತಿರಲಿಲ್ಲ.

ಇಂಥ ಮೇಕಪ್ಪಿನ ರಬ್ಬರ್ ಮುಖ ಮಾಡಲು ಆ ದಿನ ಶಿವಲೀಲಾಳ ಮುಖದ ಅಚ್ಚು ತೆಗೆಯಬೇಕಿತ್ತು. ಎರಡನೇ ವರ್ಷದ ಹುಡುಗಿ. ಯಾದಗಿರಿ ಕಡೆಯವಳು. ತಂದೆ ತಾಯಿ ಕೊಂಡಾಪುರದಲ್ಲೇ ಕಟ್ಟಡ ಕೆಲಸಕ್ಕಿದ್ದರು. ಮುಖಕ್ಕೆ ಬಳಿಯುವುದು ಹಲ್ಲಿನ ಡಾಕ್ಟರು ಅಚ್ಚಿಗೆ ಬಳಸುವ ಗುಲಾಬಿ ಪುಡಿ. ನೀರಿನಲ್ಲಿ ಕಲಸಿದರೆ ಗಂಜಿಯಂತಿರುತ್ತದೆ, ಐದಾರು ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಬೇಸಿಗೆಯ ಹಗಲಲ್ಲಿ ಕಲಸುತ್ತಿದ್ದಂತೆಯೇ ಗಟ್ಟಿಯಾಗುವುದರಿಂದ ರಾತ್ರಿ ಮಾಡುತ್ತಿದ್ದೆವು, ಅದೂ ಐಸ್ ನೀರಿನಲ್ಲಿ, ಎ.ಸಿ. ಹಾಕಿಕೊಂಡು.

"ಏನವ್ವಾ, ಮುಖಕ್ಕ ಗಂಜಿ ಹಚ್ಚಾಕತ್ತೀವಿ. ನೆಕ್ಕಬ್ಯಾಡ ಮತ್ತ," ಅಂದರು ಇಮ್ರಾನ್ ಭಾಯ್. ಕಲಬುರಗಿಯವರು, ವರ್ಕ್‌ಶಾಪಿನ ಹಳೆಯ ಕೆಲಸಗಾರ.

"ನಮ್ಮ ಮೆಸ್ಸಿನ ಸಾರಿಗಿಂತ ಚಲೋ ಇರ್ತೈತಿ ಬಿಡ್ರಿ ಭಾಯ್," ಅಂದಳು ಶಿವಲೀಲಾ.

ಅಚ್ಚಿಗೆ ಕೂತವರಿಗೆ ಕಣ್ಣು ಬಾಯಿ ಮುಚ್ಚಿರುತ್ತದೆ. ಮೂಗಿನ ಎರಡು ತೂತು ಮಾತ್ರ ತೆರೆದಿರುತ್ತವೆ. ಅದಕ್ಕೇ ನಮ್ಮದೊಂದು ನಿಯಮ: ಬಲಗೈ ಹೊರಗಿರಬೇಕು. ಕೇಳಿದಾಗ ಹೆಬ್ಬೆರಳು ಎತ್ತಿದರೆ ಎಲ್ಲಾ ಸರಿ. ಮುಷ್ಟಿ ಹಿಡಿದರೆ ತಕ್ಷಣ ಕಿತ್ತು ತೆಗೆಯಬೇಕು.

ಕುತ್ತಿಗೆಯಿಂದ ಮೊಣಕಾಲಿನ ತನಕ ಕ್ಷೌರದಂಗಡಿಯಲ್ಲಿ ಹೊದಿಸುವಂಥ ಪ್ಲಾಸ್ಟಿಕ್ ಹೊದಿಸಿದೆ. ಅವಳು ಕೇಳಿದಳು, "ಮೇಡಂ, ಕೈ ಭಾಳ ಥಂಡಿ ಆಗ್ಯಾವ್ರಿ. ಒಳಗ ಇಟ್ಕೊಳ್ಳೇನ್ರಿ?"

"ಇಟ್ಕೋ. ಬೆರಳು ಎತ್ತಿದ್ರೆ ಮೇಲಿಂದಾನೇ ಕಾಣ್ತದ," ಅಂದೆ.

ಅದು ನನ್ನ ಮೊದಲ ತಪ್ಪು. ಎರಡನೆಯದು, ಅಡ್ಮಿಷನ್ ಜಾಹೀರಾತಿಗೆ ವಿಡಿಯೋ ಬೇಕೆಂದು ಶಾಲೆಯ ಡೈರೆಕ್ಟರ್ ಹೇಳಿದ್ದರು. ಅವಳ ಮೂಗು ಕಾಯಬೇಕಾದ ನಾನು ಫೋನ್ ಹಿಡಿದು ನಿಂತೆ.

ಇಮ್ರಾನ್ ಭಾಯ್ ಗಂಜಿ ಬಳಿದು, ಮೇಲೆ ಪ್ಲಾಸ್ಟರ್ ಪಟ್ಟಿ ಹೊದಿಸಿ, ಇನ್ನಷ್ಟು ಪಟ್ಟಿ ನೆನೆಸಲು ಬಕೆಟ್ಟಿನ ಕಡೆ ಹೋದರು. ನಾನು ಸುತ್ತಿ ಸುತ್ತಿ ವಿಡಿಯೋ ತೆಗೆಯುತ್ತಿದ್ದೆ.

"ಶಿವಲೀಲಾ, ಅರಾಮ ಅದೀಯಾ?"

ಪ್ಲಾಸ್ಟಿಕ್ ಸರಕ್ ಅಂದಿತು. ತೊಡೆಯ ಮೇಲೆ, ಹೊದಿಕೆಯ ಅಡಿಯಲ್ಲಿ, ಹೆಬ್ಬೆರಳು ಎದ್ದಿತು.

ಒಂದು ನಿಮಿಷ ಬಿಟ್ಟು ಮತ್ತೆ ಕೇಳಿದೆ. ಮತ್ತೆ ಸರಕ್... ಈ ಸಲ ನನ್ನ ಮಾತು ಮುಗಿಯುವ ಮೊದಲೇ.

ಮೂರನೇ ಸಲ ನಾನು ಬಾಯಿ ತೆರೆದದ್ದಷ್ಟೇ. ಬೆರಳು ಎದ್ದಾಗಿತ್ತು. ಅದೇ ಹೊತ್ತಿಗೆ ಒಂದು ವಾಸನೆ ಮೂಗಿಗೆ ಬಡಿಯಿತು. ಜೊಲ್ಲು ಒಣಗಿದ ದಿಂಬಿನ ವಾಸನೆ, ಅದರ ಹಿಂದೆ ಕೊಳೆತ ಮಾಂಸದ್ದು.

"ಮೇಡಂ..." ಇಮ್ರಾನ್ ಭಾಯ್ ಪಿಸುಗುಟ್ಟಿದರು. "ಹುಡುಗಿ ಕೈ ನೋಡ್ರಿ."

ನೋಡಿದೆ. ಹೊದಿಕೆಯ ಎರಡೂ ಬದಿಯಿಂದ ಅವಳ ಎರಡೂ ಕೈಗಳು ಜಾರಿ ಕುರ್ಚಿಯ ಕೆಳಗೆ ಜೋತಾಡುತ್ತಿದ್ದವು. ಉಗುರುಗಳು ನೀಲಿಗಟ್ಟಿದ್ದವು.

ನಡುವೆ, ತೊಡೆಯ ಮೇಲೆ, ಹೆಬ್ಬೆರಳು ಹಾಗೇ ನಿಂತಿತ್ತು.

ಫೋನ್ ಎಸೆದೆ. ಇಬ್ಬರೂ ಸೇರಿ ಅಚ್ಚನ್ನು ಕಿತ್ತೆವು. ಹುಬ್ಬಿನ ಕೂದಲು ಕಿತ್ತು ಬಂತು. ಮೂಗಿನೊಳಗೆ ಗುಲಾಬಿ ಮುದ್ದೆ ತುಂಬಿಕೊಂಡಿತ್ತು. ಬೆರಳು ಹಾಕಿ ಎಳೆದೆ, ಸಿಂಬಳ ರಕ್ತದ ಜೊತೆ ಉದ್ದಕ್ಕೆ ಜಾರಿ ಬಂತು. ಅವಳು ಉಸಿರೆಳೆದ ಶಬ್ದ... ಹರಿದ ಬಟ್ಟೆಯನ್ನು ಇನ್ನೊಮ್ಮೆ ಹರಿದಂತಿತ್ತು. ಬದುಕಿದಳು.

ಹೊದಿಕೆ ಎತ್ತಿದೆವು. ಏನೂ ಇರಲಿಲ್ಲ. ಅವಳ ತೊಡೆಯ ಮೇಲೆ ಅಂಗೈಯಗಲ ಒದ್ದೆ, ಬೆಚ್ಚಗೆ, ಅಂಟಂಟು. ಒರೆಸಿದ ಬಟ್ಟೆಯನ್ನು ಇಮ್ರಾನ್ ಭಾಯ್ ಕಡ್ಡಿಯಿಂದ ಎತ್ತಿ ಹೊರಗೆ ಸುಟ್ಟರು.

ಗಂಜಿ ತಾನಾಗಿ ಜಾರಿ ಮೂಗಿಗೆ ಇಳಿದಿರಬೇಕು ಅಂತ ಮೊದಲು ಅಂದುಕೊಂಡೆ. ಆದರೆ ಅಚ್ಚಿನಲ್ಲಿ ಮೂಗಿನ ತೂತುಗಳಿರಬೇಕಾದ ಜಾಗದಲ್ಲಿ, ಹೊರಗಿನಿಂದ ಒತ್ತಿದ ಎರಡು ಕುಳಿಗಳಿದ್ದವು. ಆ ಪುಡಿ ಚರ್ಮದ ಒಂದೊಂದು ಗೆರೆಯನ್ನೂ ಹಿಡಿಯುತ್ತದೆ. ಕುಳಿಗಳಲ್ಲಿ ಬೆರಳ ತುದಿಯ ಗೆರೆಗಳಿದ್ದವು. ನಾವಿಬ್ಬರೂ ಕೈಗವಸು ಹಾಕಿದ್ದೆವು.

ವಿಡಿಯೋ ನೋಡಲೆಂದು ಶೆಡ್ಡಿಗೆ ಬಂದು ಹೊರಗೆ ಫೋನಿನಲ್ಲಿದ್ದ ಡೈರೆಕ್ಟರ್ ಗಲಾಟೆ ಕೇಳಿ ಒಳಗೆ ಬಂದರು. ಶಿವಲೀಲಾ ನೆಲದ ಮೇಲೆ ಕೂತು ವಾಂತಿ ಮಾಡುತ್ತಿದ್ದಳು. ಅವಳನ್ನು ದಾಟಿಕೊಂಡು ಮೇಜಿನ ಹತ್ತಿರ ಹೋದರು.

"ಮೋಲ್ಡ್ ಬಾಗಾ ವಚ್ಚಿಂದಾ?" ಅಂದರು. ಅಚ್ಚು ಚೆನ್ನಾಗಿ ಬಂತಾ ಅಂತ!

ಆ ಒದ್ದೆ, ಆ ವಾಸನೆ ನೆನೆದರೆ ಇಂದಿಗೂ ವಾಕರಿಕೆ ಬರುತ್ತದೆ. ಆದರೆ ಆ ಮನುಷ್ಯನ ಪ್ರಶ್ನೆ ನೆನೆದರೆ ಅದಕ್ಕಿಂತ ಹೆಚ್ಚು. ಒಂದೇ ವಾರದಲ್ಲಿ ಅದೇ ಅಚ್ಚಿನಿಂದ ಮುಖ ಎರಕ ಹೊಯ್ಸಿ, ಮೂಗನ್ನು ತಿದ್ದಿಸಿ, ಚಿನ್ನದ ಬಣ್ಣ ಬಳಿಸಿ ರಿಸೆಪ್ಶನ್ನಿನಲ್ಲಿ ಇಡಿಸಿದರು. ನಾನು ರಾಜೀನಾಮೆ ಕೊಟ್ಟದ್ದು ಅದನ್ನು ಕಂಡ ದಿನ.

ಆ ರಾತ್ರಿ ನಾವು ಸೇರಿಸಿದ್ದ ಆಸ್ಪತ್ರೆಯಿಂದ ಶಿವಲೀಲಾ ಮರುದಿನ, ಹಾಸ್ಟೆಲಿನಲ್ಲಿ ಒಬ್ಬಳೇ ಇರಲು ಹೆದರಿ, ತಾರ್ನಾಕದ ನನ್ನ ರೂಮಿಗೆ ಬಂದಳು. "ಅವ್ವಗ ಹೇಳಬ್ಯಾಡ್ರಿ ಮೇಡಂ, ಓದು ಬಿಡಿಸ್ತಾಳ," ಅಂತ ಕೈ ಹಿಡಿದಳು. ರಾತ್ರಿಯೆಲ್ಲಾ ಅವಳ ಮೂಗಿನ ಹತ್ತಿರ ಕೈ ಇಟ್ಟು ನೋಡುತ್ತಿದ್ದೆ. ಒಮ್ಮೆ ಕತ್ತಲಲ್ಲಿ ಅವಳೇ ಮೆಲ್ಲಗೆ ಹೇಳಿದಳು:

"ನೀವು ಕೇಳಿದ್ದು ಒಂದೂ ನನಗ ಕೇಳಿಸಿಲ್ರಿ. ಒಳಗ ಮತ್ಯಾರೋ ಉಸುರಾಡ್ತಿದ್ರು. ಅವರ ಉಸುರ ನನ್ನ ಬಾಯಾಗ ಬರ್ತಿತ್ರಿ... ಬಿಸಿ, ನಾತ."

ಎದ್ದು ದೀಪ ಹಾಕಿದೆ.

ಹನ್ನೊಂದನೇ ದಿನ, ಭಾನುವಾರ, ನಾನೇ ಫೋನ್ ಮಾಡಿ ಅವಳ ತಾಯಿಯನ್ನು ಕರೆಸಿದೆ. ಸಿಮೆಂಟು ಮೆತ್ತಿದ ಕೈಯಲ್ಲೇ ಬಂದರು. ಎಲ್ಲವನ್ನೂ ಹೇಳಿದೆ. ದೆವ್ವ ಗಾಳಿ ಅಂತ ಅವರು ಒಂದು ಮಾತೂ ಎತ್ತಲಿಲ್ಲ. ಮಗಳ ಹುಬ್ಬು ಸವರುತ್ತಾ ನನ್ನನ್ನು ಕೇಳಿದರು:

"ಮೂರು ಸಲ ಕೇಳಿದ್ರಿ, ಅಕ್ಕಾರ. ಒಂದು ಸಲ ಹೊದಿಕಿ ಎತ್ತಿ ನೋಡಾಕ ಏನಾಗಿತ್ತು ನಿಮಗ?"

ನಾನು ಎದ್ದು ಅವಳ ಬಟ್ಟೆಯ ಚೀಲ ತಂದು ಬಾಗಿಲ ಹತ್ತಿರ ಇಟ್ಟೆ.

"ಓದು ಬಿಡ್ಸಂಗಿಲ್ಲ," ಅಂದರು ಮಗಳಿಗೆ. "ಬ್ಯಾರೆ ಸಾಲಿ ನೋಡೂಣು. ನಡಿ."

ಅವರು ಹೋದ ರಾತ್ರಿ ನಾನು ಒಮ್ಮೆಯೂ ಎಚ್ಚರವಾಗದೆ ಮಲಗಿದೆ. ಎದ್ದಾಗ ಬಿಸಿಲು ಮುಖದ ಮೇಲಿತ್ತು. ಆ ಶೆಡ್ಡಿನಲ್ಲಿ ಇದ್ದದ್ದು ಏನು, ಈಗ ಎಲ್ಲಿದೆ, ಯಾವುದೂ ಗೊತ್ತಿಲ್ಲ. ಶಿವಲೀಲಾ ನನ್ನ ಮನೆಯಲ್ಲಿಲ್ಲ ಎಂಬುದೊಂದೇ ಕಾರಣಕ್ಕೆ ನನಗೆ ಅಷ್ಟು ಸುಖವಾಗಿ ನಿದ್ದೆ ಬಂದಿತ್ತು... ಹಲ್ಲುಜ್ಜುವಾಗ ಕನ್ನಡಿಯಲ್ಲಿ ನನ್ನ ಮುಖ ನೋಡಲು ಹೇಸಿಗೆಯಾಯಿತು.